ಮನಸ್ಸು ಮಾಡಿದರೆ ಬಿಡಬಹುದಲ್ಲ?

ನಮ್ಮ ತೆಕ್ಕಟ್ಟೆ, ಕುಂಭಾಶಿ, ಕೋಟದ ಕಡೆ ಹೆಣ್ಣಿನ ಮನೆಯವರು ಗಂಡಿನ ಬಗ್ಗೆ ವಿಚಾರಿಸುವಾಗ ಕೊನೆಗೆ ಬರುವ ಪ್ರಶ್ನೆ ಒಂದಿದೆ. ಕೆಲಸ ಏನು, ಜಾಗ ಎಷ್ಟು, ಬೆಂಗಳೂರಿನ ಹೋಟೆಲಿನಲ್ಲಿ ಪಾಲುದಾರನೋ ಸಂಬಳಕ್ಕಿರುವವನೋ ಎಂದೆಲ್ಲ ಕೇಳಿ ಮುಗಿಸಿ, ದನಿ ತಗ್ಗಿಸಿ, ‘ಅಭ್ಯಾಸ ಎಂತಾರೂ ಇತ್ತಾ?’ ಎನ್ನುತ್ತಾರೆ. ಬರುವ ಉತ್ತರವೂ ಹೊಸದಲ್ಲ. ‘ಸಣ್ಣಕ್ಕೆ ಇತ್ತ್. ಮದಿ ಆದ್ಮೇಲೆ ಬಿಡ್ತ.’ ಮದುವೆಯಾಗಿ, ಮಕ್ಕಳಾಗಿ, ಸಣ್ಣಕ್ಕಿದ್ದದ್ದು ದೊಡ್ಡದಾದ ಮೇಲೆ ಅದೇ ಊರು ಅದೇ ಮನುಷ್ಯನ ಬಗ್ಗೆ ಕೇಳುವ ಪ್ರಶ್ನೆ: ‘ಮನ್ಸ್ ಮಾಡ್ರೆ ಬಿಡುಕೆ ಆತಿಲ್ಯಾ ಅವ್ನಿಗೆ?’

ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಹೆಂಡತಿ ಕೇಳುತ್ತಾಳೆ, ಧಣಿ ಕೇಳುತ್ತಾನೆ, ಬೆಳಗಿನ ಜಾವ ಕೈ ನಡುಗುತ್ತಾ ಎದ್ದು ಕೂತ ಆ ಮನುಷ್ಯನೂ ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಮಾಡಬೇಕಾದ ಆ ಮನಸ್ಸು ಮೆದುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆ, ಮದ್ಯ ಅದಕ್ಕೆ ಏನು ಮಾಡುತ್ತದೆ ಎಂಬುದರ ಬಗ್ಗೆ ಕಳೆದ ಮೂವತ್ತು ವರ್ಷಗಳಲ್ಲಿ ಸಾಕಷ್ಟು ತಿಳಿದುಬಂದಿದೆ. ಅದರಲ್ಲಿ ಮುಖ್ಯವಾದ ಒಂದಷ್ಟು ಕೆಲಸ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಆಗಿದೆ. ಇವತ್ತಿನ ಮಾತು ಅದರ ಕುರಿತು.

ಕುಡಿತ ಈ ಸೀಮೆಗೆ ಹೊಸತಲ್ಲ. ಕಳ್ಳು ಇಳಿಸುವುದು ಇಲ್ಲಿ ಹಳೆಯ ಕಸುಬು, ದೈವಗಳಿಗೂ ಅದರ ಎಡೆ ಉಂಟು. ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಪ್ರಕಟಿಸಿದಾಗ ಚೋಮನ ಸಾಲ, ಭೂಮಿಯ ಆಸೆ, ಹೆಂಡ ಮೂರನ್ನೂ ಒಂದೇ ಬದುಕಿನೊಳಗೆ ಇಟ್ಟು ತೋರಿಸಿದ್ದರು. ಆಮೇಲೆ ಪ್ಯಾಕೆಟ್ ಸಾರಾಯಿಯ ಕಾಲ ಬಂತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಹೋಯಿತು, ಅಗ್ಗದ ವಿಸ್ಕಿ ಬ್ರಾಂದಿಯ ಕ್ವಾರ್ಟರ್ ಬಂತು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿ ಬದಿಯ ಮದ್ಯದಂಗಡಿಗಳನ್ನು ದೂರ ಸರಿಸಲು ಆದೇಶಿಸಿತು. ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿರುವ ನಮ್ಮಂಥ ಊರುಗಳವರಿಗೆ ಆ ಗಲಾಟೆ ನೆನಪಿರಬಹುದು. ಅಂಗಡಿಗಳು ಒಳದಾರಿಗೆ ಸರಿದವು. ಗಿರಾಕಿಗಳಿಗೆ ಹೊಸ ದಾರಿ ರೂಢಿಯಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ಲೆಕ್ಕಾಚಾರ ಹೆಚ್ಚು ಹೇಳುವುದಿಲ್ಲ, ಒಂದು ಸಮೀಕ್ಷೆ ಸಾಕು. ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ. 14.6ರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಸಹಾಯ ಬೇಕಾಗುವಷ್ಟು ತೊಂದರೆಯಲ್ಲಿರುವವರು ಸುಮಾರು 5.7 ಕೋಟಿ. ಮದ್ಯ ವ್ಯಸನಿಗಳಲ್ಲಿ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದ್ದು 38 ಮಂದಿಯಲ್ಲಿ ಒಬ್ಬರಿಗೆ. ಉಳಿದ 37 ಮಂದಿಗೆ ಸಿಕ್ಕಿದ್ದು, ಬಹುಶಃ, ನಾನು ಆಗ ಹೇಳಿದ ಆ ಪ್ರಶ್ನೆ ಮಾತ್ರ.

‘ಮನಸ್ಸು ಮಾಡಿದರೆ ಆಗುತ್ತದೆ’ ಎನ್ನುವವರ ಕೈಯಲ್ಲಿ ಒಂದು ಗಟ್ಟಿ ಸಾಕ್ಷಿ ಇದೆ. ಅಯ್ಯಪ್ಪನ ಮಾಲೆ. ಕಾರ್ತಿಕ ಬರುತ್ತಿದ್ದಂತೆ ಊರೂರಲ್ಲಿ ಶಿಬಿರ ಕಟ್ಟಿ, ಕಪ್ಪು ಬಟ್ಟೆ ಉಟ್ಟು, ತಣ್ಣೀರು ಮಿಂದು, ಭಜನೆ ಮಾಡುವ ಸ್ವಾಮಿಗಳಲ್ಲಿ ವರ್ಷವಿಡೀ ಕುಡಿಯುವವರೂ ಇರುತ್ತಾರೆ. 41 ದಿನದ ವ್ರತದಲ್ಲಿ ಒಂದು ಹನಿ ಮುಟ್ಟುವುದಿಲ್ಲ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆಯುತ್ತಾರೆ. ಎರಡು ದಿನ ಕಳೆಯುವುದರೊಳಗೆ ಕೆಲವರು ಮತ್ತೆ ಮದ್ಯದಂಗಡಿಯ ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಆಗ ಮನೆಯವರಿಗೆ ಬರುವ ಸಿಟ್ಟು ಸಣ್ಣದಲ್ಲ. ದೇವರಿಗಾಗಿ ಬಿಡಲು ಬರುತ್ತದೆ, ನಮಗಾಗಿ ಬರುವುದಿಲ್ಲವೇ?

ಸಿಟ್ಟು ನ್ಯಾಯವಾದದ್ದೇ. ಅದರಿಂದ ಎಳೆಯುವ ತೀರ್ಮಾನ ಮಾತ್ರ ತಪ್ಪು. ವ್ರತದ ದಿನಗಳಲ್ಲಿ ಆ ಮನುಷ್ಯನ ಸುತ್ತ ಏನೇನು ಬದಲಾಗಿರುತ್ತದೆ, ನೋಡಿ. ಏಳುವ ಹೊತ್ತು ಬೇರೆ, ಮಲಗುವ ಜಾಗ ಬೇರೆ. ಸಂಜೆ ಆರೂವರೆಗೆ, ಎಂದರೆ ದಿನಾ ಬಾಯಿ ಒಣಗುವ ಹೊತ್ತಿಗೆ, ಕೈಯಲ್ಲಿ ತಾಳ ಇರುತ್ತದೆ. ಹಳೆಯ ಜೊತೆಗಾರರೂ ‘ಸ್ವಾಮಿ’ ಎಂದು ಕೈ ಮುಗಿದು ದೂರ ನಿಲ್ಲುತ್ತಾರೆ. ಬಾ ಎಂದು ಯಾರೂ ಕರೆಯುವುದಿಲ್ಲ. ಕೊನೆಯ ದಿನ ಯಾವುದೆಂದು ಮೊದಲೇ ಗೊತ್ತಿದೆ. ಒಬ್ಬನೇ ನಿಭಾಯಿಸಬೇಕಾದ ಸಂಯಮದ ಅರ್ಧಕ್ಕಿಂತ ಹೆಚ್ಚು ಭಾರವನ್ನು ಆ ಶಿಬಿರ ಹೊತ್ತಿರುತ್ತದೆ. ಮಾಲೆ ತೆಗೆದ ದಿನ ಆ ಭಾರವೆಲ್ಲ ಒಂದೇ ಸಲ ಅವನ ಹೆಗಲಿಗೇ ಬೀಳುತ್ತದೆ, ಆ ಹೆಗಲು ಎಂಥದೆಂದು ಯಾರೂ ನೋಡಿರುವುದಿಲ್ಲ.

ಈ ಒಗಟು ವಿಜ್ಞಾನಿಗಳನ್ನೂ ಕಾಡಿದೆ. 1960ರಲ್ಲಿ ಜೆಲಿನೆಕ್ ಎಂಬ ವಿದ್ವಾಂಸ ಮದ್ಯವ್ಯಸನವನ್ನು ಕಾಯಿಲೆಯಾಗಿ ನೋಡುವ ತನ್ನ ಪ್ರಸಿದ್ಧ ಪುಸ್ತಕ ಬರೆದಾಗ, ಹಿಡಿತ ಪೂರ್ತಿ ತಪ್ಪುವುದೇ ಅದರ ಗುರುತು ಎಂಬ ನಂಬಿಕೆ ಬಲವಾಗಿತ್ತು. ಒಂದು ಗುಟುಕು ಒಳಗೆ ಹೋದರೆ ಸಾಕು, ದೇಹವೇ ಮುಂದಿನದನ್ನು ಎಳೆದುಕೊಳ್ಳುತ್ತದೆ ಎಂದು. 1966ರಲ್ಲಿ ಜೂಲಿಯಸ್ ಮೆರಿ ಎಂಬ ಬ್ರಿಟಿಷ್ ವೈದ್ಯ ಇದನ್ನು ಪರೀಕ್ಷಿಸಿದ. ಆಸ್ಪತ್ರೆಯಲ್ಲಿದ್ದ ಒಂಬತ್ತು ವ್ಯಸನಿಗಳಿಗೆ ಬೆಳಗಿನ ಹಣ್ಣಿನ ಪಾನೀಯದಲ್ಲಿ ಅವರಿಗೆ ತಿಳಿಯದಂತೆ ವೋಡ್ಕಾ ಬೆರೆಸಿ ಕೊಟ್ಟ. ತುಡಿತ ಹೆಚ್ಚಲಿಲ್ಲ. (ಇಂಥ ಪ್ರಯೋಗಕ್ಕೆ ಇವತ್ತು ಯಾವ ನೀತಿ ಸಮಿತಿಯೂ ಒಪ್ಪಿಗೆ ಕೊಡಲಿಕ್ಕಿಲ್ಲ.)

1973ರಲ್ಲಿ ಅಮೆರಿಕದ ಅಲನ್ ಮಾರ್ಲಾಟ್ ಮತ್ತು ಸಂಗಡಿಗರು ಇನ್ನೂ ಜಾಣತನದ ಪ್ರಯೋಗ ಮಾಡಿದರು. 32 ವ್ಯಸನಿಗಳು, 32 ಸಾಧಾರಣ ಕುಡಿಯುವವರು. ರುಚಿ ನೋಡಿ ಅಂಕ ಕೊಡಿ ಎಂದು ಲೋಟಗಳನ್ನು ಎದುರಿಗಿಟ್ಟರು. ಕೆಲವರಿಗೆ ‘ಇದರಲ್ಲಿ ವೋಡ್ಕಾ ಇದೆ’ ಎಂದು ಹೇಳಿ ಬರೀ ಟಾನಿಕ್ ನೀರು ಕೊಟ್ಟರು. ಇನ್ನು ಕೆಲವರಿಗೆ ‘ಬರೀ ಟಾನಿಕ್’ ಎಂದು ಹೇಳಿ ವೋಡ್ಕಾ ಬೆರೆಸಿದರು. ಯಾರು ಹೆಚ್ಚು ಕುಡಿದರು? ವೋಡ್ಕಾ ಇದೆ ಎಂದು ನಂಬಿದವರು. ಲೋಟದಲ್ಲಿ ನಿಜವಾಗಿ ಏನಿತ್ತು ಎಂಬುದು ಅಷ್ಟು ಲೆಕ್ಕಕ್ಕೆ ಬರಲಿಲ್ಲ.

ಹಾಗಾದರೆ ವ್ಯಸನವೆಲ್ಲ ನಾಟಕವೇ? ಖಂಡಿತ ಅಲ್ಲ. ಮದ್ಯ ಎದುರಿಗಿದೆ ಎಂಬ ಅರಿವೇ ಮೆದುಳಿನಲ್ಲಿ ಏನನ್ನೋ ಹೊತ್ತಿಸುತ್ತದೆ ಎಂಬುದು ಅಲ್ಲಿ ಹೊರಬಿದ್ದ ಸತ್ಯ. ಗ್ರಿಫಿತ್ ಎಡ್ವರ್ಡ್ಸ್ ಮತ್ತು ಮಿಲ್ಟನ್ ಗ್ರಾಸ್ 1976ರಲ್ಲಿ ವ್ಯಸನದ ಲಕ್ಷಣಗಳನ್ನು ಹೊಸದಾಗಿ ವಿವರಿಸಿದಾಗ, ಹಿಡಿತ ಇಲ್ಲವೇ ಇಲ್ಲ ಎನ್ನುವುದನ್ನು ಬಿಟ್ಟು, ಹಿಡಿತ ಕೆಟ್ಟಿದೆ, ಒಮ್ಮೆ ಇರುತ್ತದೆ ಒಮ್ಮೆ ಜಾರುತ್ತದೆ ಎಂಬ ನಿಲುವಿಗೆ ಬಂದರು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ, 2022ರಿಂದ ಜಾರಿಯಲ್ಲಿರುವ ಐ.ಸಿ.ಡಿ. 11, ಇದನ್ನೇ ವ್ಯಸನದ ಮುಖ್ಯ ಗುರುತುಗಳಲ್ಲಿ ಒಂದಾಗಿ ಇಟ್ಟಿದೆ. ಯಾವಾಗ ಶುರು ಮಾಡುವುದು, ಎಷ್ಟು, ಎಲ್ಲಿ, ಯಾವಾಗ ನಿಲ್ಲಿಸುವುದು, ಇವುಗಳ ಮೇಲಿನ ಹಿಡಿತ. ಮಾಲೆ ಹಾಕಿದವನು ‘ಶುರು ಮಾಡದಿರುವ’ ಹಿಡಿತವನ್ನು ಊರಿನ ನೆರವಿನಿಂದ ಉಳಿಸಿಕೊಂಡ. ‘ಶುರು ಮಾಡಿದ ಮೇಲೆ ನಿಲ್ಲಿಸುವ’ ಹಿಡಿತ ಅವನಲ್ಲಿ ಇದೆ ಎಂದು ಅದರಿಂದ ಸಾಬೀತಾಗಲಿಲ್ಲ.

ಈಗ ಮೆದುಳಿಗೆ ಬರೋಣ. 1990ರ ಹೊತ್ತಿಗೆ ಸೈಜಿ ಒಗಾವಾ ಎಂಬ ಜಪಾನಿ ವಿಜ್ಞಾನಿ, ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು ಎಂ.ಆರ್.ಐ. ಯಂತ್ರದಲ್ಲಿ ಹಿಡಿಯಬಹುದೆಂದು ತೋರಿಸಿದ. ಮೆದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಅದನ್ನು ಹೊರಗಿನಿಂದಲೇ ನೋಡಬಹುದು. ಬೆರಳು ಆಡಿಸಿ ಎಂದರೆ ಎಲ್ಲಿ ಬೆಳಗಿತು, ಚಿತ್ರ ನೋಡಿ ಎಂದರೆ ಎಲ್ಲಿ ಬೆಳಗಿತು ಎಂದು ಎಲ್ಲರೂ ನಕ್ಷೆ ಬರೆಯತೊಡಗಿದರು. ಭರತ್ ಬಿಸ್ವಾಲ್ ಎಂಬ ಭಾರತೀಯ ಮೂಲದ ತರುಣ ಆಗ ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆಯಲ್ಲಿದ್ದ. ಏನೂ ಮಾಡದೆ ಸುಮ್ಮನೆ ಮಲಗಿದವರ ಮೆದುಳಿನಿಂದ ಬರುವ ಸಂಕೇತವನ್ನು ಉಳಿದವರು ಗದ್ದಲವೆಂದು ಸೋಸಿ ಎಸೆಯುತ್ತಿದ್ದರು. ಬಿಸ್ವಾಲ್ ಅದನ್ನೇ ನೋಡಿದ. ಕೈ ಅಲ್ಲಾಡದಿದ್ದರೂ ಎಡ ಮತ್ತು ಬಲ ಮೆದುಳಿನ ಚಲನಾ ಭಾಗಗಳು ನಿಧಾನವಾಗಿ, ಒಟ್ಟೊಟ್ಟಿಗೆ ಏರಿ ಇಳಿಯುತ್ತಿದ್ದವು. 1995ರ ಆ ಪ್ರಬಂಧದಿಂದ ಒಂದು ಶಾಸ್ತ್ರವೇ ಹುಟ್ಟಿತು. ದೂರ ದೂರದ ಎರಡು ಭಾಗಗಳು ಒಟ್ಟಿಗೆ ಏರಿಳಿದರೆ ಅವುಗಳ ನಡುವೆ ನಂಟಿದೆ ಎಂದು ತಿಳಿಯುವುದು, ಆ ನಂಟುಗಳ ಜಾಲವನ್ನು ಬಿಡಿಸುವುದು.

ನಂಟು ಎಂದರೆ ಏನೆಂದು ಬಡಗುತಿಟ್ಟಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ತೆಕ್ಕಟ್ಟೆ ಬಳಿಯ ಕೊಮೆಯಲ್ಲಿ ಯಕ್ಷಗಾನ ಕಲಿಯುವ ಮಕ್ಕಳಿಗೂ ಅದು ಗೊತ್ತು. ಭಾಗವತರ ಜಾಗಟೆ, ಮದ್ದಳೆ, ಚೆಂಡೆ, ಕುಣಿಯುವ ಕಾಲು, ನಾಲ್ಕೂ ಒಂದೇ ತಾಳದಲ್ಲಿ ನಡೆದರೆ ಮಾತ್ರ ಆಟ. ಚೆಂಡೆಗೆ ಉತ್ಸಾಹ ಬಂದಾಗ ಭಾಗವತರು ಕಣ್ಣಲ್ಲೇ ಹದ್ದುಬಸ್ತಿನಲ್ಲಿಡುತ್ತಾರೆ. ಭಾಗವತರ ಗಂಟಲು ಚೆನ್ನಾಗಿದೆ, ಚೆಂಡೆಯವನ ಕೈಯೂ ಚುರುಕಾಗಿದೆ, ಆದರೆ ಒಬ್ಬರದು ಇನ್ನೊಬ್ಬರಿಗೆ ಕೇಳಿಸುತ್ತಿಲ್ಲ ಎಂದಿಟ್ಟುಕೊಳ್ಳಿ. ಆಗ ಯಾರಲ್ಲೂ ದೋಷ ಹುಡುಕಲು ಸಿಗುವುದಿಲ್ಲ, ಆಟ ಮಾತ್ರ ಕೆಟ್ಟಿರುತ್ತದೆ.

ಮದ್ಯವ್ಯಸನದಲ್ಲಿ ಬಹುಮಟ್ಟಿಗೆ ಆಗುವುದು ಇದೇ. ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ನಾಳೆಯನ್ನು ಲೆಕ್ಕ ಹಾಕುವ, ಬೇಡ ಎನ್ನುವ ಭಾಗ. ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಸುಖವನ್ನು ಗುರುತಿಟ್ಟುಕೊಂಡು, ಮತ್ತೆ ಅದೇ ಸಿಗುವಂತೆ ದೇಹವನ್ನು ನಡೆಸುವ ಭಾಗ. ಮೊದಮೊದಲು ಮದ್ಯ ಕುಡಿದಾಗ ಅಲ್ಲಿ ಡೋಪಮೈನ್ ಏರುತ್ತದೆ. ದಿನ ಕಳೆದಂತೆ ಕುಡಿತಕ್ಕಿಂತ ಮುಂಚೆಯೇ, ಕುಡಿತದ ಸುಳಿವಿಗೇ ಏರತೊಡಗುತ್ತದೆ. ಅಂಗಡಿಯ ಬೋರ್ಡು, ಬಂಗುಡೆ ಹುರಿದ ವಾಸನೆ, ಸಂಬಳದ ಶನಿವಾರ, ಬಂದರಿಗೆ ಬೋಟು ತಾಗಿದ ಸದ್ದು. ಟ್ರೆವರ್ ರಾಬಿನ್ಸ್ ಮತ್ತು ಬ್ಯಾರಿ ಎವೆರಿಟ್ 2005ರಲ್ಲಿ ವಿವರಿಸಿದಂತೆ, ಬಯಸಿ ಮಾಡುವ ಕೆಲಸ ಕ್ರಮೇಣ ಸ್ಟ್ರಯೇಟಮ್‌ನ ಕೆಳಭಾಗದಿಂದ ಮೇಲ್ಭಾಗಕ್ಕೆ, ಅಭ್ಯಾಸವನ್ನು ನಡೆಸುವ ಪಾಲಿಗೆ, ದಾಟಿಕೊಳ್ಳುತ್ತದೆ. ಆ ಹಂತದಲ್ಲಿ ‘ಸಂತೋಷಕ್ಕೆ ಕುಡಿಯುತ್ತಾನೆ’ ಎನ್ನುವುದೇ ತಪ್ಪು. ಕೇಳಿ ನೋಡಿ, ಸಂತೋಷ ಹೋಗಿ ಎಷ್ಟೋ ಕಾಲವಾಗಿರುತ್ತದೆ.

ಇದೇ ಕಾಲದಲ್ಲಿ ಇನ್ನೊಂದು ಕಡೆ ಸವೆತ ನಡೆಯುತ್ತಿರುತ್ತದೆ. ಮೆದುಳಿನ ಭಾಗಗಳನ್ನು ಬೆಸೆಯುವ ಬಿಳಿ ನಾರುಗಳು ಮದ್ಯದಿಂದ ಹಾನಿಗೊಳ್ಳುತ್ತವೆ. ಅಮೆರಿಕದ ಈಡಿತ್ ಸಲಿವನ್ ಮತ್ತು ಅಡಾಲ್ಫ್ ಫೆಫರ್‌ಬಾಮ್ ದಶಕಗಳ ಕಾಲ ಇದನ್ನು ಅಭ್ಯಸಿಸಿದ್ದಾರೆ. ಮುಂಭಾಗದ ಮೆದುಳಿಗೂ ಹಿಂದಿನ ಕಿರುಮೆದುಳಿಗೂ ಇರುವ ಸಂಪರ್ಕ ವಿಶೇಷವಾಗಿ ಬಲಹೀನವಾಗುತ್ತದೆ ಎಂಬುದು ಅವರ ಮುಖ್ಯ ಶೋಧ. ಅಮಲಿಲ್ಲದ ಹೊತ್ತಿನಲ್ಲೂ ನಡಿಗೆ ತುಸು ಅಗಲವಾಗಿ, ತೀರ್ಮಾನ ತುಸು ಅವಸರವಾಗಿ ಇರುವುದಕ್ಕೆ ಇದೂ ಒಂದು ಕಾರಣ. ಎಂದರೆ, ಬೇಡ ಎನ್ನುವ ದನಿ ಇದೆ. ತಲುಪಬೇಕಾದಲ್ಲಿಗೆ, ತಲುಪಬೇಕಾದ ಹೊತ್ತಿಗೆ ಅದು ತಲುಪುತ್ತಿಲ್ಲ.

ವ್ಯಸನ ಮೆದುಳಿನ ಒಂದು ಚುಕ್ಕಿಯಲ್ಲಿ ಕೂತಿಲ್ಲ, ಜಾಲದಲ್ಲಿದೆ ಎಂಬುದಕ್ಕೆ ಸಿಕ್ಕ ಅತ್ಯಂತ ವಿಚಿತ್ರ ಸಾಕ್ಷಿ ಪಾರ್ಶ್ವವಾಯು ರೋಗಿಗಳಿಂದ ಬಂದದ್ದು. ಮೆದುಳಿನ ಮಡಿಕೆಯೊಳಗೆ ಇನ್ಸುಲಾ ಎಂಬ ಭಾಗವಿದೆ, ಒಡಲೊಳಗಿನ ಹಸಿವು, ಬಾಯಾರಿಕೆ, ಸಂಕಟಗಳನ್ನು ಅರಿಯುವಂಥದು. 2007ರಲ್ಲಿ ನಖ್ವಿ, ಬೆಚಾರ ಮತ್ತಿತರರು ಮೆದುಳಿಗೆ ಪೆಟ್ಟಾದ 69 ಧೂಮಪಾನಿಗಳನ್ನು ಪರೀಕ್ಷಿಸಿದರು. ಅವರಲ್ಲಿ ಇನ್ಸುಲಾಕ್ಕೆ ಪೆಟ್ಟಾದವರು 19. ಆ ಗುಂಪಿನ ಹಲವರು ಸಿಗರೇಟನ್ನು ಅನಾಯಾಸವಾಗಿ, ತುಡಿತವೇ ಇಲ್ಲದೆ ಬಿಟ್ಟಿದ್ದರು. 2022ರಲ್ಲಿ ಯುಹೋ ಯೌತ್ಸಾ ಮತ್ತು ಮೈಕೆಲ್ ಫಾಕ್ಸ್ ತಂಡ 129 ಧೂಮಪಾನಿ ರೋಗಿಗಳನ್ನು ಇದೇ ರೀತಿ ನೋಡಿತು. ಚಟ ಥಟ್ಟನೆ ಬಿಟ್ಟುಹೋದ 34 ಮಂದಿಯಲ್ಲಿ ಪೆಟ್ಟು ಬಿದ್ದ ಜಾಗ ಒಬ್ಬೊಬ್ಬರದು ಒಂದೊಂದು. ಆದರೆ ಆ ಜಾಗಗಳೆಲ್ಲ ಒಂದೇ ಜಾಲಕ್ಕೆ ಬೆಸೆದಿದ್ದವು. ಮದ್ಯವ್ಯಸನದ ಅಪಾಯ ಕಡಿಮೆ ಇರುವುದಕ್ಕೂ ಅದೇ ಜಾಲಕ್ಕೂ ಸಂಬಂಧ ಕಂಡಿತು. ಪಾರ್ಶ್ವವಾಯು ಯಾರಿಗೂ ಬೇಡ, ಅದು ಚಿಕಿತ್ಸೆಯಲ್ಲ. ಆದರೆ ವರ್ಷಗಟ್ಟಲೆ ಆಣೆ ಪ್ರಮಾಣದಿಂದ ಆಗದ್ದು ಒಂದು ಕೊಂಡಿ ಕಡಿದಾಗ ಆಯಿತು ಎಂದರೆ, ಆ ತುಡಿತಕ್ಕೂ ಶೀಲಕ್ಕೂ ಇರುವ ನಂಟು ನಾವು ತಿಳಿದಷ್ಟು ಸರಳವಲ್ಲ.

ಇನ್ನು ನಿಮ್ಹಾನ್ಸ್‌ನ ಕೆಲಸ. ನನ್ನನ್ನು ಈ ಇಡೀ ವಿಷಯದಲ್ಲಿ ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ನ್ಯೂಯಾರ್ಕಿನ ಹೆನ್ರಿ ಬೆಗ್ಲೈಟರ್ 1984ರಲ್ಲಿ, ಇನ್ನೂ ಮದ್ಯವನ್ನೇ ಮುಟ್ಟದ, ತಂದೆ ವ್ಯಸನಿಯಾಗಿದ್ದ ಹುಡುಗರ ಮೆದುಳಿನ ವಿದ್ಯುತ್ ಅಲೆಯೊಂದು ಕುಗ್ಗಿರುವುದನ್ನು ಕಂಡಿದ್ದ. ಹೊಸದೊಂದು ಸೂಚನೆ ಕಂಡು ಸೆಕೆಂಡಿನ ಸುಮಾರು ಮೂರನೇ ಒಂದು ಪಾಲಿನಲ್ಲಿ ಏಳುವ ಅಲೆ ಅದು, ಹೆಸರು ಪಿ 300. ನಿಮ್ಹಾನ್ಸ್‌ನ ಡಾ. ವಿವೇಕ್ ಬೆನೆಗಲ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಇಲ್ಲಿನ ಕುಟುಂಬಗಳಲ್ಲೂ ಇದೇ ಕುಗ್ಗುವಿಕೆಯನ್ನು ವರದಿ ಮಾಡಿದರು. ಮುಂದೆ 2017ರಲ್ಲಿ ಡಾ. ಭರತ್ ಹೊಳ್ಳ, ಡಾ. ಬೆನೆಗಲ್ ಮತ್ತಿತರರ ತಂಡ ಜಾಲದ ಅಧ್ಯಯನ ಪ್ರಕಟಿಸಿತು. ಆ ತಂಡದಲ್ಲಿ ಆಗ ಹೇಳಿದ ಭರತ್ ಬಿಸ್ವಾಲ್ ಕೂಡ ಇದ್ದರು. ವ್ಯಸನ ದಟ್ಟವಾಗಿರುವ ಮನೆತನಗಳ 40 ಗಂಡುಮಕ್ಕಳು, ಅಂಥ ಹಿನ್ನೆಲೆ ಇಲ್ಲದ 30 ಮಂದಿ. 40 ಮಂದಿಯಲ್ಲಿ ಯಾರೂ ಇನ್ನೂ ಯಾವ ಅಮಲು ಪದಾರ್ಥವನ್ನೂ ಮುಟ್ಟಿದವರಲ್ಲ. ಎಲ್ಲರನ್ನೂ ಯಂತ್ರದಲ್ಲಿ ಸುಮ್ಮನೆ ಮಲಗಿಸಿ ಮೆದುಳಿನ ನಂಟುಗಳನ್ನು ಅಳೆದರು.

ಆರೋಗ್ಯವಂತ ಮೆದುಳಿನಲ್ಲಿ ಹತ್ತಿರದ ತಾಣಗಳು ತಮ್ಮೊಳಗೆ ಬಿಗಿಯಾಗಿ ಹೆಣೆದುಕೊಂಡು, ಕೆಲವೇ ಉದ್ದ ಕೊಂಡಿಗಳ ಮೂಲಕ ದೂರದ ಗುಂಪುಗಳ ಜೊತೆ ಮಾತಾಡುತ್ತವೆ. ವ್ಯಸನಿ ಮನೆತನದ ಹುಡುಗರಲ್ಲಿ ಈ ಹತ್ತಿರದ ಬಿಗಿ ಕಡಿಮೆಯಿತ್ತು. ಸಂಯಮಕ್ಕೆ ಸಂಬಂಧಿಸಿದ ಮುಂಭಾಗದ ಜಾಲ, ಗಮನವನ್ನು ತಿರುಗಿಸುವ ಜಾಲ, ಚಲನೆಯ ಜಾಲ, ಕಿರುಮೆದುಳು, ಈ ಎಲ್ಲ ಕಡೆ ಗುಂಪುಗಳ ಪ್ರತ್ಯೇಕತೆ ಸಡಿಲವಾಗಿತ್ತು. ಮನೆತನದಲ್ಲಿ ವ್ಯಸನ ಹೆಚ್ಚಿದ್ದಷ್ಟೂ ಸಡಿಲವೂ ಹೆಚ್ಚು. ಮುಂಗೋಪ, ಚಡಪಡಿಕೆ, ಹಿಂದುಮುಂದು ನೋಡದೆ ನುಗ್ಗುವ ಗುಣಕ್ಕೂ ಇದಕ್ಕೂ ಸಂಬಂಧವಿತ್ತು.

ಇದರ ಅರ್ಥ ಸ್ವಲ್ಪ ನಿಂತು ನೋಡಬೇಕಾದ್ದು. ಮೊದಲ ಗುಟುಕಿಗೂ ಮುಂಚೆಯೇ ಕೆಲವರ ಹಿಡಿತದ ಜಾಲ ಸಡಿಲವಾಗಿರುತ್ತದೆ. ಒಂದೇ ಬೆಂಚಿನಲ್ಲಿ ಕೂತು ಒಂದೇ ದಿನ ಬಿಯರ್ ಬಾಟಲಿ ತೆರೆದ ಇಬ್ಬರು ಹುಡುಗರಲ್ಲಿ ಒಬ್ಬ ಇಪ್ಪತ್ತು ವರ್ಷದ ನಂತರವೂ ಮದುವೆ ಮುಂಜಿಗಷ್ಟೇ ಕುಡಿಯುತ್ತಾನೆ, ಇನ್ನೊಬ್ಬ ಬೋಟಿನ ಕೆಲಸ ಕಳೆದುಕೊಂಡಿರುತ್ತಾನೆ. ಮೊದಲಿನವನು ತನ್ನ ಮನೋಬಲದ ಬಗ್ಗೆ ಹೆಮ್ಮೆ ಪಡುವ ಮೊದಲು ತನ್ನ ಅಜ್ಜಂದಿರಿಗೆ ಒಂದು ನಮಸ್ಕಾರ ಹಾಕುವುದು ಒಳ್ಳೆಯದು. ಹಾಗೆಂದು ಇದು ಹಣೆಬರಹವೂ ಅಲ್ಲ. ಅವಳಿಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರೆ ವ್ಯಸನದ ಒಲವಿನಲ್ಲಿ ಹುಟ್ಟಿನ ಪಾಲು ಸುಮಾರು ಅರ್ಧ. ಉಳಿದರ್ಧ ಊರು, ಮನೆ, ವಯಸ್ಸು, ಜೊತೆಗಾರರು. ಮುಂಭಾಗದ ಮೆದುಳು ಬಲಿಯಲು ಇಪ್ಪತ್ತರ ವಯಸ್ಸು ದಾಟಬೇಕು. ಹದಿನಾರಕ್ಕೆ ಶಾಲೆ ಬಿಟ್ಟು ಬೇಕರಿ, ಹೋಟೆಲು ಎಂದು ಬೆಂಗಳೂರಿಗೆ, ಹೈದರಾಬಾದಿಗೆ ಹೋಗುವ ನಮ್ಮ ಹುಡುಗರು ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಹಿರಿಯರ ಜೊತೆ ಮೊದಲ ಪೆಗ್ ಕುಡಿಯುವುದು ಆ ಬೆಳವಣಿಗೆಯ ನಟ್ಟನಡುವೆ. ತಂದೆಯೂ ಕುಡಿದು ಹಾಳಾದವನಾಗಿದ್ದರೆ ಆ ಹುಡುಗನಿಗೆ ಒಂದು ಮಾತು ಹೇಳಿ ಕಳಿಸುವುದು ತಪ್ಪಲ್ಲ. ಅದು ಬೈಗುಳವಾಗಬೇಕಿಲ್ಲ, ಸಕ್ಕರೆ ಕಾಯಿಲೆ ಇರುವ ಮನೆತನದಲ್ಲಿ ಹೇಳುವಂಥ ಮಾತಾದರೆ ಸಾಕು.

ಈಗ ಬಿಡುವ ವಿಷಯ. ‘ಮನಸ್ಸು ಮಾಡು’ ಎನ್ನುವವರಿಗೆ ಗೊತ್ತಿಲ್ಲದ ಅಪಾಯ ಇಲ್ಲಿದೆ. ದಿನವೂ ಹೆಚ್ಚು ಕುಡಿಯುವವನ ಮೆದುಳು ಮದ್ಯವನ್ನು ಲೆಕ್ಕಕ್ಕಿಟ್ಟುಕೊಂಡೇ ತನ್ನನ್ನು ಹೊಂದಿಸಿಕೊಂಡಿರುತ್ತದೆ. ಮದ್ಯ ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕದ ಪರ ಕೆಲಸ ಮಾಡುತ್ತದೆ, ಗ್ಲುಟಮೇಟ್ ಎಂಬ ಉದ್ರೇಕಿಸುವ ರಾಸಾಯನಿಕವನ್ನು ತಡೆಯುತ್ತದೆ. ವರ್ಷಗಟ್ಟಲೆ ಹೀಗಾದಾಗ ಮೆದುಳು ಗಾಬಾದ ದನಿ ಇಳಿಸಿ ಗ್ಲುಟಮೇಟಿನ ದನಿ ಏರಿಸಿಕೊಂಡಿರುತ್ತದೆ. ಒಂದು ದಿನ ಮದ್ಯ ಥಟ್ಟನೆ ನಿಂತರೆ ಉದ್ರೇಕವೊಂದೇ ಉಳಿಯುತ್ತದೆ. ಮೊದಲ ದಿನ ನಡುಕ, ಬೆವರು, ವಾಕರಿಕೆ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಮೂರು ನಾಲ್ಕನೇ ದಿನದ ಹೊತ್ತಿಗೆ ಇನ್ನು ಕೆಲವರಿಗೆ ಸನ್ನಿ. ಗೋಡೆಯಲ್ಲಿ ಹುಳ ಹರಿಯುವುದು, ಸತ್ತವರು ಕರೆಯುವುದು ಕಾಣಿಸುತ್ತದೆ. ಮನೆಯವರು ಅದನ್ನು ದೈವದ ಉಪದ್ರವೆಂದು ತಿಳಿದು ಪ್ರಶ್ನೆ ಇಡಿಸಲು ಓಡಿದ್ದುಂಟು. ಆ ಸ್ಥಿತಿಯಲ್ಲಿ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಸಂಚಕಾರ.

2020ರಲ್ಲಿ ಇದನ್ನು ಇಡೀ ರಾಜ್ಯ ನೋಡಿತು. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ಒಂದೇ ರಾತ್ರಿಯಲ್ಲಿ ಮುಚ್ಚಿದವು, ಮತ್ತೆ ತೆರೆದದ್ದು ಮೇ 4ಕ್ಕೆ. ಬೆಂಗಳೂರಿನ ಆಸ್ಪತ್ರೆಗಳ ದಾಖಲೆ ನೋಡಿದ ನಿಮ್ಹಾನ್ಸ್ ವೈದ್ಯರು, ಮದ್ಯ ನಿಂತಾಗಿನ ತೀವ್ರ ತೊಂದರೆಗಳಿಂದ ಬರುವವರ ಸಂಖ್ಯೆ ಆ ಮೊದಲ ದಿನಗಳಲ್ಲಿ ದುಪ್ಪಟ್ಟಾಗಿದ್ದನ್ನು ವರದಿ ಮಾಡಿದರು. ಕರಾವಳಿಯೂ ಸೇರಿ ಹಲವು ಕಡೆಯಿಂದ ಆತ್ಮಹತ್ಯೆಯ ಸುದ್ದಿಗಳು ಬಂದವು. ಆಗ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತವರ ಚಿತ್ರ ನೋಡಿ ನಕ್ಕವರು ಬಹಳ. ಸಾಲಿನಲ್ಲಿದ್ದ ಎಲ್ಲರೂ ಮೋಜಿಗೆ ನಿಂತವರಲ್ಲ.

ಮನೆಮನೆಗಳಲ್ಲಿ ನಡೆಯುವ ಎರಡು ಸಂಗತಿ ಇಲ್ಲಿ ಹೇಳಲೇಬೇಕು. ಒಂದು, ಊಟದಲ್ಲಿ ಗುಟ್ಟಾಗಿ ಬೆರೆಸುವ ಮದ್ದು. ‘ಅವನಿಗೆ ತಿಳಿಯದಂತೆ ಸಾರಿನಲ್ಲಿ ಹಾಕಿ’ ಎಂದು ಕೊಡುವ ಪುಡಿಗಳಲ್ಲಿ ಡೈಸಲ್ಫಿರಾಮ್ ಇರಬಹುದು. 1948ರಲ್ಲಿ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂದ ಒಳ್ಳೆಯ ಔಷಧ ಅದು. ಅದನ್ನು ತೆಗೆದುಕೊಂಡು ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಗೊತ್ತಿದ್ದು ತೆಗೆದುಕೊಂಡವನು ಆ ಹೆದರಿಕೆಯಿಂದ ಕುಡಿಯುವುದಿಲ್ಲ, ಅದೇ ಅದರ ಕೆಲಸ. ಗೊತ್ತಿಲ್ಲದವನು ಕುಡಿಯುತ್ತಾನೆ, ಪ್ರಾಣಕ್ಕೆ ಅಪಾಯ ತಂದುಕೊಳ್ಳುತ್ತಾನೆ. ಇನ್ನೊಂದು, ಸುಸ್ತು ಎಂದ ಕೂಡಲೇ ಹಾಕಿಸುವ ಗ್ಲೂಕೋಸ್ ಬಾಟ್ಲಿ. ಬಹುಕಾಲ ಕುಡಿದವರ ದೇಹದಲ್ಲಿ ಥಯಮಿನ್, ಎಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟಾಗಬಹುದು. ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಕೊನೆಗೆ ನಿನ್ನೆಯ ನೆನಪೇ ನಿಲ್ಲದಂತಾಗುವುದು. ಒಂದು ಅಗ್ಗದ ಇಂಜೆಕ್ಷನ್ ಇದನ್ನೆಲ್ಲ ತಪ್ಪಿಸುತ್ತದೆ. ಡಾಕ್ಟರಿಗೆ ಕುಡಿತದ ವಿಷಯ ಹೇಳಿದ್ದರೆ ಮಾತ್ರ.

ಬಿಟ್ಟ ಮೇಲೆ ಮೆದುಳು ಮೊದಲಿನಂತಾಗುತ್ತದೆಯೇ ಎಂದು ಕೇಳುತ್ತಾರೆ. ಕುಗ್ಗಿದ ಗಾತ್ರ ವಾರಗಳಲ್ಲಿ, ತಿಂಗಳುಗಳಲ್ಲಿ ಸಾಕಷ್ಟು ಮಟ್ಟಿಗೆ ಮರಳುತ್ತದೆ. ಜಾಲದ ಕತೆ ಇನ್ನೂ ಕುತೂಹಲದ್ದು. ಜ್ಯಾಸ್ಮಿನ್ ಕ್ಯಾಮ್‌ಚಾಂಗ್ ಮತ್ತು ಸಂಗಡಿಗರು 2013ರಲ್ಲಿ ವರ್ಷಗಟ್ಟಲೆ ಮದ್ಯ ಬಿಟ್ಟವರ ಮೆದುಳನ್ನು ನೋಡಿದರು. ಅವರಲ್ಲಿ ಸಂಯಮದ ಭಾಗಗಳ ನಡುವಿನ ನಂಟು ಎಂದೂ ವ್ಯಸನಿಯಾಗಿರದವರಿಗಿಂತ ಹೆಚ್ಚಿತ್ತು, ಬಯಕೆಯ ಭಾಗಗಳ ಜೊತೆಗಿನ ನಂಟು ಕಡಿಮೆಯಿತ್ತು. ಹಳೆಯ ಮೆದುಳು ವಾಪಸು ಬಂದದ್ದಲ್ಲ, ಸವೆದದ್ದನ್ನು ಸರಿದೂಗಿಸಲು ಬೇರೆ ಹೊಂದಾಣಿಕೆ ಬೆಳೆದದ್ದು. ಬಿಟ್ಟು ಹೊಸದರಲ್ಲಿ ಈ ನಂಟುಗಳು ದುರ್ಬಲವಾಗಿದ್ದವರು ಮತ್ತೆ ಕುಡಿತಕ್ಕೆ ಜಾರುವುದು ಹೆಚ್ಚು ಎಂಬುದೂ ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಕಂಡಿತು. ಈ ಹೊಂದಾಣಿಕೆ 41 ದಿನದಲ್ಲಿ ಬೆಳೆದು ಮುಗಿಯುವಂಥದಲ್ಲ.

ಅದಕ್ಕೇ ನಮ್ಮ ಕಡೆ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ನನಗೆ ಶಿಬಿರಕ್ಕಿಂತ ಅದರ ನಂತರದ್ದು ಮುಖ್ಯವಾಗಿ ಕಾಣುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರಿನ ಸಭಾಭವನದಲ್ಲೇ ಜನರನ್ನು ಉಳಿಸಿಕೊಂಡು ಶಿಬಿರ ನಡೆಸುವುದು ನಿಮಗೆ ಗೊತ್ತು. ಮುಗಿದ ಮೇಲೆ ನವಜೀವನ ಸಮಿತಿ ಎಂದು ಬಿಟ್ಟವರೇ ಸೇರಿಕೊಳ್ಳುತ್ತಾರೆ. ಶಾಲು ಹೊದಿಸಿ ಫೋಟೋ ತೆಗೆಯುವ ಸಮಾರೋಪಕ್ಕೆ ಬರುವಷ್ಟು ಜನ ಆರನೇ ತಿಂಗಳ ಸಮಿತಿ ಸಭೆಗೆ ಬರುವುದಿಲ್ಲ ಎಂಬುದು ನನ್ನ ತಕರಾರು. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆಯಲ್ಲಿ ಡಾ. ಪಿ.ವಿ. ಭಂಡಾರಿಯವರ ತಂಡ ವೈದ್ಯರ ನಿಗಾದಲ್ಲೇ ವಸತಿ ಶಿಬಿರ ನಡೆಸುತ್ತ ಬಂದಿದೆ. ಮಣಿಪಾಲದಲ್ಲಿ ಮನೋರೋಗ ವಿಭಾಗವಿದೆ. ತುಡಿತ ತಗ್ಗಿಸಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಬಿ.ಪಿ. ಮಾತ್ರೆ ತಿನ್ನುವುದಕ್ಕಿಲ್ಲದ ನಾಚಿಕೆ ಇವಕ್ಕೂ ಬೇಕಿಲ್ಲ. ಮತ್ತೆ ಜಾರಿದವನನ್ನು ಶಿಬಿರದ ಮಾನ ಕಳೆದವನೆಂದು ದೂರ ಇಡುವುದಂತೂ ಶುದ್ಧ ಮೂರ್ಖತನ. ಜಾರುವುದು ಈ ಕಾಯಿಲೆಯ ಲಕ್ಷಣ, ಆ ಹೊತ್ತಿನಲ್ಲೇ ಅವನಿಗೆ ಸಮಿತಿ ಬೇಕಾದದ್ದು.

ಕೇಳುತ್ತಿರುವವರಲ್ಲಿ ಯಾರದಾದರೂ ಮನೆಯಲ್ಲಿ ಈ ವಾರವೇ ಒಬ್ಬರು ಬಿಡುತ್ತೇನೆಂದು ಹೊರಟಿದ್ದರೆ, ದಿನವೂ ಬೆಳಿಗ್ಗೆ ಎದ್ದ ಕೂಡಲೇ ಕುಡಿಯಬೇಕಾಗುತ್ತಿದ್ದವರಾದರೆ, ಮನೆಯಲ್ಲೇ ಕೂಡಿಹಾಕಿ ನಿಲ್ಲಿಸಬೇಡಿ. ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ, ಕುಂದಾಪುರದ ಸರ್ಕಾರಿ ಆಸ್ಪತ್ರೆಯಾದರೂ ಸರಿ. ಹೋಗುವ ಮೊದಲು ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಡಾಕ್ಟರ ಮುಂದೆ ‘ಸ್ವಲ್ಪ ಕುಡಿಯುತ್ತಾರೆ’ ಎಂದು ಹೇಳಿ ಮಾನ ಉಳಿಸಲು ನೋಡಬೇಡಿ. ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯದಾಗಿ ಕುಡಿದದ್ದು ಯಾವ ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಸನ್ನಿ ಹಿಡಿದಿತ್ತೇ, ಇಷ್ಟನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಔಷಧದ ಪ್ರಮಾಣ ನಿರ್ಧಾರವಾಗುವುದು ಆ ಉತ್ತರಗಳ ಮೇಲೆ.